ಗೆಳೆಯನಿಗೊಂದು ಪತ್ರ: ಶಕ್ತಿ ತಂಡದವರು ಮೊದಲು ಕಲಿತದ್ದು

ದಾವಣಗೆರೆ

ಪ್ರೀತಿಯ ಗೆಳೆಯಾ,

ನೀನು ಬೆಂಗಳೂರಿನಿಂದ ಕಳಿಸಿದ ರೆಕಾರ್ಡಿಂಗ್ ಕೇಳಿದೆ. ಮೊದಲು ಮೊಬೈಲ್‌ನಲ್ಲಿ, ಆಮೇಲೆ ತಬಲಾ ಕ್ಲಾಸಿನ ಹುಡುಗರನ್ನೂ ಕೂರಿಸಿಕೊಂಡು ಸ್ಪೀಕರ್‌ನಲ್ಲಿ. ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀಯ. ನಿನ್ನ ಗಿಟಾರ್ ಕೈ ಮೊದಲಿಗಿಂತ ಎಷ್ಟೋ ಪಳಗಿದೆ. 'ನಮ್ಮ ಬ್ಯಾಂಡ್ ಶಕ್ತಿ ತರಹ ಆಗಬೇಕು, ಏನು ಮಾಡೋಣ ಹೇಳು' ಅಂತ ಕೇಳಿದ್ದೀಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಪತ್ರ. ನಿನ್ನ ಹಾಗೆ ಬ್ಯಾಂಡ್ ಕಟ್ಟಲು ಹೊರಟ ಬೇರೆ ಹುಡುಗರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಶಕ್ತಿ ಅಂದರೆ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮ್ಯಾಕ್‌ಲಾಫ್ಲಿನ್ 1970ರ ದಶಕದಲ್ಲಿ ನಮ್ಮ ವಾದಕರ ಜೊತೆ ಕಟ್ಟಿದ ತಂಡ. ಅದರ ಹೆಸರೆತ್ತಿದ ಕೂಡಲೇ ಜನ ಪೂರ್ವ-ಪಶ್ಚಿಮ ಸೇರಿದ ಕಥೆ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನನಗೆ ಆ ತಂಡ ದೊಡ್ಡದಾಗಿ ಕಾಣುವುದು ಇನ್ನೊಂದು ಕಾರಣಕ್ಕೆ. ಅಲ್ಲಿ ಕೂತವರು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಕಲಿತರು. ಗಿಟಾರಿನ ಪಕ್ಕ ತಬಲಾ ಇಟ್ಟರೆ ಫ್ಯೂಷನ್ ಆಯಿತು ಅಂತ ಅವರು ತಿಳಿದುಕೊಳ್ಳಲಿಲ್ಲ.

ಜಾನ್ ಮ್ಯಾಕ್‌ಲಾಫ್ಲಿನ್ ವಿಷಯವನ್ನೇ ನೋಡು. 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹುಟ್ಟಿದವರು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿದರು. ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್, ಕಿವಿ ತುಂಬುವ ಸದ್ದು, ದೊಡ್ಡ ಹೆಸರು. ಅಷ್ಟು ಹೆಸರಿದ್ದ ಮನುಷ್ಯ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿದ್ದ ಕರ್ನಾಟಕ ಸಂಗೀತದ ವಿದ್ವಾಂಸ ಡಾ. ಎಸ್. ರಾಮನಾಥನ್ ಅವರ ಹತ್ತಿರ ಹೋಗಿ ವೀಣೆ ಕಲಿಯಲು ಕೂತರು. ವೀಣೆ ಕಛೇರಿ ಕೊಡುವುದಕ್ಕಲ್ಲ, ಗಿಟಾರಿಗೆ ಈ ಸಂಗೀತ ಹೇಗೆ ಬರಬೇಕು ಅಂತ ತಿಳಿಯುವುದಕ್ಕೆ.

ಆ ಕಲಿಕೆ ಅವರ ವಾದ್ಯವನ್ನೇ ಬದಲಿಸಿತು. ನೀನು ಗಿಟಾರ್ ಹಿಡಿದವನು, ಇದು ನಿನಗೆ ಬೇಗ ಅರ್ಥವಾಗುತ್ತದೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತವೆ. ಬೆರಳಿಗೂ ಹಲಗೆಗೂ ನಡುವೆ ಜಾಗ ಇರುವುದರಿಂದ ತಂತಿಯನ್ನು ಎಳೆದು ಗಮಕ, ಅಂದರೆ ಸ್ವರದ ತೂಗಾಟ, ತರಬಹುದು. ಮಾಮೂಲಿ ಗಿಟಾರಿನಲ್ಲಿ ಬೆರಳು ಮರಕ್ಕೆ ತಾಗುತ್ತದೆ. ಅದಕ್ಕೆ ಏಬ್ರಹಾಂ ವೆಕ್ಟರ್ ಎಂಬ ಕುಶಲಿಗ ಗಿಬ್ಸನ್ ಕಂಪನಿಗಾಗಿ ಇವರಿಗೊಂದು ಗಿಟಾರ್ ಮಾಡಿಕೊಟ್ಟರು. ಫ್ರೆಟ್‌ಗಳ, ಅಂದರೆ ಗಿಟಾರಿನ ಮೆಟ್ಟಿಲುಗಳ, ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಿದ್ದರು. ಮುಖ್ಯ ತಂತಿಗಳ ಕೆಳಗೆ ಓರೆಯಾಗಿ ಏಳು ತಂತಿ, ಶ್ರುತಿ ಕೊಡುವುದಕ್ಕೆ. ಎಲೆಕ್ಟ್ರಿಕ್ ಗಿಟಾರಿನ ಅಬ್ಬರ ಕೇಳಲು ಟಿಕೆಟ್ ತೆಗೆದುಕೊಳ್ಳುತ್ತಿದ್ದ ಜನರ ಮುಂದೆ ಆ ಮನುಷ್ಯ ಈ ಮರದ ಗಿಟಾರ್ ಹಿಡಿದು ಚಕ್ಕಳ ಮಕ್ಕಳ ಹಾಕಿ ಕೂತುಬಿಟ್ಟರು. ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ.

ಶಕ್ತಿಯಲ್ಲಿ ಪಿಟೀಲಿಗೆ ಎಲ್. ಶಂಕರ್. ತಬಲಾಕ್ಕೆ ಉಸ್ತಾದ್ ಅಲ್ಲಾ ರಖಾ ಅವರ ಮಗ ಜಾಕಿರ್ ಹುಸೇನ್, ಆಗ ಇಪ್ಪತ್ತನಾಲ್ಕರ ಹರೆಯ. ಘಟಕ್ಕೆ ಟಿ.ಎಚ್. ವಿನಾಯಕರಾಂ, ಎಲ್ಲರೂ 'ವಿಕ್ಕು' ಅನ್ನುತ್ತಾರಲ್ಲ, ಎಂ.ಎಸ್. ಸುಬ್ಬುಲಕ್ಷ್ಮಿ ಅವರಿಗೆ ಪಕ್ಕವಾದ್ಯ ನುಡಿಸಿದವರು. ಇನ್ನೊಬ್ಬರಿದ್ದರು, ಅವರ ಹೆಸರು ಹೇಳುವವರೇ ಕಡಿಮೆ. ರಾಮನಾಡ್ ವಿ. ರಾಘವನ್, ಮೃದಂಗ. ವೆಸ್ಲಿಯನ್‌ನಲ್ಲಿ ಪಾಠ ಹೇಳುತ್ತಿದ್ದವರು. 1975ರ ಜುಲೈನಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್‌ನ ಒಂದು ಕಾಲೇಜಿನಲ್ಲಿ ನಡೆದ ಕಛೇರಿಯೇ ಮೊದಲ ರೆಕಾರ್ಡ್ ಆಗಿ 1976ರಲ್ಲಿ ಬಂತು. ಇಡೀ ರೆಕಾರ್ಡಿನಲ್ಲಿ ಮೂರೇ ಕೃತಿ. ಮೊದಲನೆಯದು ಹದಿನೆಂಟು ನಿಮಿಷ ಓಡುತ್ತದೆ. ಡ್ರಮ್ ಸೆಟ್ ಇಲ್ಲ, ಕೀಬೋರ್ಡ್ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಮೃದಂಗವನ್ನು ಮಾತ್ರ ಹಿಂಬಾಲಿಸು. ರಾಘವನ್ ಅವರು ತಮ್ಮ ಸರದಿ ಅಲ್ಲದಾಗಲೂ ಎಷ್ಟು ಕೆಲಸ ಮಾಡಿದ್ದಾರೆ ಅಂತ ಆಗ ಗೊತ್ತಾಗುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆ ವೇದಿಕೆಯ ಮೇಲೆ ಗಿಟಾರಿಗೂ ತಬಲಾಕ್ಕೂ ಇದ್ದ ದೂರ ಎಲ್ಲರಿಗೂ ಕಾಣುತ್ತದೆ. ತಬಲಾಕ್ಕೂ ಘಟಕ್ಕೂ ಇದ್ದ ದೂರ? ಅದೇನು ಕಡಿಮೆಯಾ? ನಾವು ಹಿಂದೂಸ್ತಾನಿ ತಬಲಾದವರು ಠೇಕಾ, ಅಂದರೆ ತಾಳದ ಗೊತ್ತಾದ ಬೋಲುಗಳ ಸುತ್ತು, ಹಿಡಿದು ಬೆಳೆದವರು. ತೀನ್‌ತಾಲ್ ಅಂದರೆ ಧಾ ಧಿನ್ ಧಿನ್ ಧಾ ಅಂತ ಬೋಲೇ ತಾಳವನ್ನು ಹೇಳುತ್ತಾ ಹೋಗುತ್ತದೆ. ಕರ್ನಾಟಕ ಸಂಗೀತದಲ್ಲಿ ತಾಳ ಕೈಯಲ್ಲಿ ಇರುತ್ತದೆ, ಮೃದಂಗ ಹಾಡಿನ ಜೊತೆ ಹೋಗುತ್ತದೆ. ಲೆಕ್ಕ ಹಾಕಿ ಮುಕ್ತಾಯ ಕೊಡುವ ಅವರ ಕೋರ್ವೆ ಬೇರೆ, ನಮ್ಮ ತಿಹಾಯಿ ಬೇರೆ. ಒಬ್ಬ ತಬಲಾದವನು ಘಟದವರ ಜೊತೆ ಕಣ್ಣು ಮುಚ್ಚಿ ನುಡಿಸಬೇಕಾದರೆ ಅವರ ಕೊನ್ನಕ್ಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ, ಬಾಯಿಗೆ ಬರಬೇಕು. ಜಾಕಿರ್ ಅದನ್ನು ಅರಗಿಸಿಕೊಂಡರು. ವಿಕ್ಕು ಅವರಂತೂ ಕಛೇರಿಯಲ್ಲಿ ಮೃದಂಗದ ಹಿಂದೆ ಕೂರುವ ಮಣ್ಣಿನ ಘಟವನ್ನು ಲೋಕದ ದೊಡ್ಡ ದೊಡ್ಡ ವೇದಿಕೆಗಳಿಗೆ ತಂದು ಮುಂದೆ ಕೂರಿಸಿದರು. ಉತ್ತರ-ದಕ್ಷಿಣ ಹೀಗೆ ಸೇರಿದ್ದಕ್ಕೇ ಗಿಟಾರಿಗೆ ಅಲ್ಲಿ ನಿಲ್ಲಲು ಗಟ್ಟಿ ನೆಲ ಸಿಕ್ಕಿತು ಅಂತ ನಾನು ನಂಬಿದ್ದೇನೆ.

ದಾವಣಗೆರೆಯಲ್ಲಿ ಬೆಳೆದ ನಮಗೆ ಇದು ಬೇಗ ತಿಳಿಯಬೇಕು. ನಮ್ಮ ಊರು ಎರಡೂ ಕಡೆಯ ಗಾಳಿ ಬೀಸುವ ಜಾಗ. ಒಂದು ಬೀದಿಯಲ್ಲಿ ಹಾರ್ಮೋನಿಯಂ-ತಬಲಾ ಇಟ್ಟುಕೊಂಡು ವಚನ ಹಾಡುತ್ತಾರೆ, ಇನ್ನೊಂದು ಬೀದಿಯಲ್ಲಿ ಕರ್ನಾಟಕ ಸಂಗೀತದ ವರ್ಣ ಪಾಠ ಆಗುತ್ತಿರುತ್ತದೆ. ಗದಗಿನ ಪಂಚಾಕ್ಷರ ಗವಾಯಿಗಳನ್ನು ಉಭಯಗಾನ ವಿಶಾರದರು ಅಂತ ಕರೆದದ್ದು ಸುಮ್ನೆ ಅಲ್ಲ. ಕಣ್ಣಿಲ್ಲದ ಆ ಮಹಾನುಭಾವರು ಕರ್ನಾಟಕ ಸಂಗೀತವನ್ನೂ ಕಲಿತರು, ಹಿಂದೂಸ್ತಾನಿಯನ್ನೂ ಕಲಿತರು. 1944ರಲ್ಲಿ ಅವರು ತೀರಿಕೊಂಡರು. ಶಕ್ತಿ ಹುಟ್ಟುವುದಕ್ಕೆ ಎಷ್ಟು ಮೊದಲು ನೋಡು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಹಾಡುವುದರ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲ ನುಡಿಸುತ್ತಿದ್ದರು. ನಾಟಕ ಕಂಪನಿಗಳ ಮಾತು ಬೇರೆಯೇ ಇದೆ. ನಮ್ಮೂರಿನ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದವರು ಈ ಸೀಮೆಯಲ್ಲಿ ಯಾರಿದ್ದಾರೆ? ಕಂಪನಿ ನಾಟಕದ ಪೇಟಿ ಮಾಸ್ತರರು ಮನೆಮಾತು ಮಾಡಿದ ಆ ಹಾರ್ಮೋನಿಯಂ ಪ್ಯಾರಿಸ್‌ನಲ್ಲಿ 1842ರಲ್ಲಿ ಪೇಟೆಂಟ್ ಆದ ವಾದ್ಯ. ರಂಗಗೀತೆ ಕೇಳುವಾಗ ಅದು ಪರದೇಶದ್ದು ಅಂತ ನಮಗೆ ನೆನಪೇ ಬರುವುದಿಲ್ಲ, ಅಲ್ವಾ?

ಇನ್ನು ನಿನ್ನ ರೆಕಾರ್ಡಿಂಗ್. ಬಿಡಿಸಿ ಹೇಳುತ್ತೇನೆ, ಕೇಳಿಸಿಕೋ.

ನೀವು ಮೋಹನ ರಾಗ ಹಿಡಿದಿದ್ದೀರಿ. ಸ ರಿ ಗ ಪ ದ. ಮ ಇಲ್ಲ, ನಿ ಇಲ್ಲ. ಪಶ್ಚಿಮದವರ ಸಿ ಸ್ವರವೇ ನಿಮ್ಮ ಷಡ್ಜ, ಅಂದರೆ ಸ. ಹಾಡುವ ಹುಡುಗಿ ಚೆನ್ನಾಗಿ ರಾಗ ಕಟ್ಟುತ್ತಿದ್ದಾಳೆ, ಅಷ್ಟರಲ್ಲಿ ಕೀಬೋರ್ಡಿನವನು ಎಫ್ ಮೇಜರ್ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಮೂರು ಸ್ವರ, ಒತ್ತುತ್ತಾನೆ. ಮಧ್ಯಮ ಬಂದುಬಿಟ್ಟಿತು. ಮುಂದೆ ಜಿ ಮೇಜರ್. ನಿಷಾದವೂ ಬಂತು. ಅವಳು ಮೋಹನ ಹಾಡುತ್ತಿದ್ದಾಳೆ, ಕೆಳಗೆ ಬೇರೆ ಏನೋ ನಡೆಯುತ್ತಿದೆ. ಎ ಮೈನರ್ ಹಿಡಿದಿದ್ದರೆ ದ, ಸ, ಗ ಮೂರೂ ರಾಗದೊಳಗಿನ ಸ್ವರಗಳೇ. ಇಲ್ಲದಿದ್ದರೆ ಸ-ಪ ಹಿಡಿದು ಸುಮ್ಮನಿದ್ದರೂ ಸಾಕು. ಮ್ಯಾಕ್‌ಲಾಫ್ಲಿನ್‌ಗೆ ಜಾಝ್‌ನ ಕಾರ್ಡ್‌ಗಳೆಲ್ಲ ಅಂಗೈಯಲ್ಲಿದ್ದವು. ಆದರೂ ಶಕ್ತಿಯಲ್ಲಿ ಅವರು ಹೆಚ್ಚಾಗಿ ರಾಗದ ಎಳೆ ಹಿಡಿದೇ ಹೋಗುತ್ತಾರೆ. ಗೊತ್ತಿದ್ದದ್ದನ್ನು ಬಿಟ್ಟು ಕೂರುವುದೂ ಒಂದು ಕಲಿಕೆ.

ಡ್ರಮ್ಸ್ ಹುಡುಗನ ಕೈ ಚುರುಕಾಗಿದೆ. ಆದರೆ ಮೃದಂಗದವನು ಕೋರ್ವೆ ಹಾಕಿದಾಗ ಇವನು ನಾಲ್ಕು ನಾಲ್ಕು ಬಾರಿಸುತ್ತಾ ಕಾಯುತ್ತಿರುತ್ತಾನೆ. ಅವನಿಗೆ ಒಂದು ಚಿಕ್ಕ ಲೆಕ್ಕ ಕೊಡು. ಅವನ ಒಂದು ಸುತ್ತಿನಲ್ಲಿ ನಾಲ್ಕು ನಾಲ್ಕರ ನಾಲ್ಕು ಗುಂಪು, ಒಟ್ಟು ಹದಿನಾರು. ಹದಿನಾರರಲ್ಲಿ ಮೊದಲಿನ ಒಂದೇ ಎಣಿಕೆಯನ್ನು ಬಿಟ್ಟು ತ-ದಿ-ಗಿ-ಣ-ತೊಂ ಅಂತ ಐದಕ್ಷರವನ್ನು ಮೂರು ಸಲ ಹೇಳಲಿ. ಹದಿನೈದಾಯಿತು. ಮುಂದಿನ ಏಟು ಸರಿಯಾಗಿ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಬೀಳುತ್ತದೆ. ಮೊದಲು ಬಾಯಲ್ಲಿ, ಕೈಯಲ್ಲಿ ತಾಳ ಹಾಕುತ್ತಾ. ಕಡ್ಡಿ ಆಮೇಲೆ ಹಿಡಿಯಲಿ. ಮ್ಯಾಕ್‌ಲಾಫ್ಲಿನ್ ಕೂಡ ಕೊನ್ನಕ್ಕೋಲ್ ಬಾಯಿಪಾಠ ಮಾಡಿದರು, ಮುಂದೆ ವಿಕ್ಕು ಅವರ ಮಗ ಸೆಲ್ವಗಣೇಶ್ ಜೊತೆ ಸೇರಿ ಅದನ್ನು ಕಲಿಸುವ ಡಿವಿಡಿಯನ್ನೇ ತಂದರು.

ಮೂರು ರೆಕಾರ್ಡ್ ಆದ ಮೇಲೆ, 1978ರ ಹೊತ್ತಿಗೆ ಆ ತಂಡ ಚದುರಿತು. 1997ರಲ್ಲಿ 'ರಿಮೆಂಬರ್ ಶಕ್ತಿ' ಅಂತ ಮತ್ತೆ ಸೇರಿತು. ಮೊದಲು ಹರಿಪ್ರಸಾದ್ ಚೌರಾಸಿಯಾ ಕೊಳಲು, ಆಮೇಲೆ ಸೆಲ್ವಗಣೇಶ್ ಖಂಜಿರ, ಶಂಕರ್ ಮಹಾದೇವನ್ ಹಾಡು. ಜೊತೆಗೆ ಯು. ಶ್ರೀನಿವಾಸ್ ಮ್ಯಾಂಡೊಲಿನ್. ಶ್ರೀನಿವಾಸ್ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ನಿಲ್ಲುತ್ತದೆ. ಮ್ಯಾಂಡೊಲಿನ್ ತಂತಿ ಗಿಡ್ಡ, ನಾದ ಬೇಗ ಆರಿಹೋಗುತ್ತದೆ. ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್ ತೆಗೆದುಕೊಂಡು, ಜೋಡಿ ತಂತಿ ಬಿಟ್ಟು ಐದು ಒಂಟಿ ತಂತಿ ಹಾಕಿ, ಅದರಲ್ಲಿ ಗಮಕ ನುಡಿಸಿದರು. ಮೀಸೆ ಬರುವ ಮುಂಚೆಯೇ ಕಛೇರಿ ಕೊಟ್ಟವರು, 2014ರಲ್ಲಿ ಬರೀ 45ಕ್ಕೆ ಹೋಗಿಬಿಟ್ಟರು.

ಪಶ್ಚಿಮದ ವಾದ್ಯವನ್ನು ಹೀಗೆ ನಮ್ಮದು ಮಾಡಿಕೊಂಡವರು ನಮ್ಮ ನಾಡಿನಲ್ಲೇ ಇದ್ದರು. ಕದ್ರಿ ಗೋಪಾಲನಾಥ್ ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ಗಮಕಕ್ಕೆ ಒಗ್ಗುವಂತೆ ಆ ವಾದ್ಯವನ್ನೇ ತಿದ್ದಿಸಿಕೊಂಡು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ತಾಳವಾದ್ಯ ಕಾಲೇಜು ಮತ್ತು ಗಾಯಕಿ ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ರೆಕಾರ್ಡ್ ಮಾಡಿದ್ದಾರೆ. ನಿನ್ನ ತಂಡ ಶಕ್ತಿಗಿಂತ ಮೊದಲು ಅದನ್ನು ಕೇಳಬೇಕು ಅಂತ ನನ್ನ ಆಸೆ. ರಮಾಮಣಿ ಅವರ ಸ್ವರ ಮತ್ತು ಸೊಲ್ಲುಕಟ್ಟಿನ ಜೊತೆ ಸ್ಯಾಕ್ಸ್ ಹೇಗೆ ತಗ್ಗಿ ನಡೆಯುತ್ತದೆ ಅಂತ ನಿಮ್ಮ ಕೀಬೋರ್ಡಿನವನಿಗೆ ಕೇಳಿಸು.

2023ರಲ್ಲಿ ಶಕ್ತಿ ಹೊಸ ಆಲ್ಬಂ ತಂದಿತು, ಪಿಟೀಲಿಗೆ ಗಣೇಶ್ ರಾಜಗೋಪಾಲನ್ ಬಂದರು. 2024ರ ಫೆಬ್ರುವರಿಯಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಅದೇ ಡಿಸೆಂಬರ್ 15ರಂದು ಜಾಕಿರ್ ಭಾಯಿ ತೀರಿಕೊಂಡರು. ಆ ವಾರ ನಮ್ಮ ಕ್ಲಾಸಿನಲ್ಲಿ ಹೊಸ ಪಾಠ ಮಾಡಲಿಲ್ಲ. ಹುಡುಗರು ತೀನ್‌ತಾಲ್ ಠೇಕಾ ಒಂದನ್ನೇ ನುಡಿಸಿದರು.

ಯುಗಾದಿಗೆ ಊರಿಗೆ ಬರುತ್ತೀಯಲ್ಲ, ತಂಡದವರನ್ನೆಲ್ಲ ಕರೆದುಕೊಂಡು ಬಾ. ಮೇಲಿನ ಕೋಣೆ ಖಾಲಿ ಇದೆ, ಎರಡು ದಿನ ಅಲ್ಲೇ ಕೂರೋಣ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ-ಮೆಣಸಿನಕಾಯಿ ನನ್ನ ಲೆಕ್ಕದಲ್ಲಿ. ಆಂಪ್ಲಿಫೈಯರ್ ತರಬೇಡ. ಮೃದಂಗದ ಹುಡುಗ ಮಾತ್ರ ತಪ್ಪದೇ ಬರಲಿ. ಇನ್ನೊಂದು ವಿಷಯ, ನೀನು ಕಳಿಸಿದ ವಿಡಿಯೊದ ಕೆಳಗೆ ಎಲ್ಲರ ಹೆಸರಿದೆ, ಅವನದೊಂದೇ ಇಲ್ಲ. ಮೊದಲು ಅದನ್ನು ಸೇರಿಸು.

ನಿನ್ನ ಗೆಳೆಯ