ರಾಘು, ಟೈಲ್ಸ್ ಹಾಕಿಸುವ ಮೊದಲು

ಪ್ರೀತಿಯ ರಾಘು,

ನಿನ್ನೆ ಬೆಳಿಗ್ಗೆ ಬೆಂಗಳೂರಿನಿಂದ ಬಂದು ಸಾಗರದಲ್ಲಿ ಇಳಿದೆವು. ಅಮ್ಮನ ಕಣ್ಣು ಚೆನ್ನಾಗಿದೆ. ಇನ್ನೊಂದು ಕಣ್ಣಿನ ಪೊರೆ ದೀಪಾವಳಿ ಕಳೆದ ಮೇಲೆ ತೆಗೆಯೋಣ ಅಂದರು ಡಾಕ್ಟರು. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಜೋಗದ ರಸ್ತೆಯಲ್ಲಿ ನೀನು ಕಟ್ಟಿಸುತ್ತಿರುವ ಲಾಡ್ಜಿನ ಬಚ್ಚಲಿಗೆ ಟೈಲ್ಸ್ ನೋಡುತ್ತಿದ್ದೀಯ ಅಂತ ಕೇಳಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಈ ಸಲ ಅಕ್ಕನ ಮಗ ಅಮೆರಿಕದಲ್ಲಿ ಕೂತೇ ರೂಮ್ ಬುಕ್ ಮಾಡಿದ್ದ. "ಮಾವ, ಮೆಜೆಸ್ಟಿಕ್ ಲಾಡ್ಜ್ ಬೇಡ, ಅಜ್ಜಿ ಆರಾಮಾಗಿ ಮಲಗಲಿ" ಅಂದ. ಊರ ನಡುವಿನ ದೊಡ್ಡ ಹೋಟೆಲ್ಲು. ಒಂದು ರಾತ್ರಿಗೆ 11,500 ರೂಪಾಯಿ, 7,500 ದಾಟಿದ ಕೋಣೆ ಆದ್ದರಿಂದ ಮೇಲೆ 18% ಜಿಎಸ್‌ಟಿ, ಅದೇ 2,070. ದುಡ್ಡು ಅವನದು, ಪ್ರೀತಿಯೂ ಅವನದು. ಅದನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ.

ಹಾಸಿಗೆಯ ಬಗ್ಗೆ ಎರಡು ಮಾತಿಲ್ಲ ಮಾರಾಯ. ಬಿಳಿ ಹತ್ತಿ ಹೊದಿಕೆ, ತೊಳೆದು ಇಸ್ತ್ರಿ ಮಾಡಿದ ವಾಸನೆ. ಕಿಟಕಿಗೆ ಎರಡು ಪದರದ ಗಾಜು, ಕೆಳಗೆ ಅಷ್ಟೊಂದು ವಾಹನ ಹೋಗುತ್ತಿದ್ದರೂ ಒಳಗೆ ಸದ್ದಿಲ್ಲ. ದಿನಾ ನಾಲ್ಕೂವರೆಗೆ ಏಳುವ ಅಮ್ಮ ಅಲ್ಲಿ ಏಳು ಗಂಟೆವರೆಗೆ ಮಲಗಿದ್ದಳು. ಅವಳು ಉಸಿರಾಡುವುದನ್ನು ನೋಡುತ್ತಾ ನಾನು ಸುಮ್ಮನೆ ಕೂತಿದ್ದೆ. ಅಪ್ಪ ಹೋದ ಮೇಲೆ ಅವಳು ಅಷ್ಟು ಹೊತ್ತು ನಿದ್ದೆ ಮಾಡಿದ್ದು ನಾನು ಕಂಡಿಲ್ಲ.

ಕಷ್ಟ ಶುರುವಾದದ್ದು ಹಾಸಿಗೆಗಿಂತ ಮೊದಲು. ನಮ್ಮ ರೈಲು ಬೆಂಗಳೂರು ತಲುಪುವುದು ಬೆಳಗಿನ ಜಾವ, ಅಲ್ಲಿ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ. ಕೌಂಟರಿನ ಹುಡುಗಿ ನಗುನಗುತ್ತಾ ಮಾತಾಡಿದಳು, ಆದರೆ ಕೋಣೆ ಸಿಕ್ಕಿದ್ದು ಹನ್ನೊಂದಕ್ಕೆ. ಅಲ್ಲಿಯವರೆಗೆ ಲಾಬಿಯ ಸೋಫಾ. ಎಷ್ಟು ತಗ್ಗು ಅಂದರೆ, ಅಮ್ಮ ಕೂತಳು, ಏಳಲು ಆಗಲಿಲ್ಲ. ಎರಡು ಸಲ ಶೌಚಾಲಯಕ್ಕೆ ಹೋಗಬೇಕಾಯಿತು, ಎರಡು ಸಲವೂ ನಾನು ತೋಳು ಹಿಡಿದು ಎಬ್ಬಿಸಿದೆ. ಮೂರನೆಯ ಸಲ ಬೇಕೆನಿಸಿದರೂ ಅವಳು ಹೇಳಲಿಲ್ಲ, ಅದು ನನಗೆ ಆಮೇಲೆ ಗೊತ್ತಾಯಿತು.

ಇನ್ನು ಬಚ್ಚಲು. ನೆಲಕ್ಕೆ ಹೊಳೆಯುವ ಕಲ್ಲು, ನೀರು ಬಿದ್ದರೆ ಎಣ್ಣೆ ಬಿದ್ದ ಹಾಗೆ. ಸ್ನಾನಕ್ಕೆ ಒಂದು ಟಬ್, ಅದರ ಮೇಲೇ ಶವರ್. ಟಬ್ಬಿನ ಅಂಚು ಅಮ್ಮನ ಮೊಣಕಾಲಿನಷ್ಟು ಎತ್ತರ. ಹಿಡಿದುಕೊಳ್ಳಲು ಗೋಡೆಯಲ್ಲಿ ಒಂದು ಕಂಬಿ ಇಲ್ಲ. ಇದ್ದದ್ದು ಟವೆಲ್ ಹಾಕುವ ಸಣ್ಣ ರಾಡು, ಅದು ಕೈಯಿಟ್ಟರೆ ಅಲ್ಲಾಡುತ್ತಿತ್ತು. ಬಕೆಟ್ಟೂ ಇಲ್ಲ, ತಂಬಿಗೆಯೂ ಇಲ್ಲ. ಬಿಸಿನೀರಿಗೂ ತಣ್ಣೀರಿಗೂ ಒಂದೇ ಹಿಡಿಕೆ, ಯಾವ ಕಡೆ ತಿರುಗಿಸಿದರೆ ಯಾವುದು ಅನ್ನುವ ಗುರುತು ಕನ್ನಡಕ ಹಾಕಿದ ನನಗೇ ಕಾಣಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತು ನೋಡಿ, "ಇವತ್ತು ಸ್ನಾನ ಬೇಡ ಬಿಡು" ಅಂದಳು. 78 ವರ್ಷದಲ್ಲಿ ಮೈಗೆ ಹುಷಾರಿಲ್ಲದಾಗ ಬಿಟ್ಟರೆ ಒಂದು ದಿನವೂ ಸ್ನಾನ ತಪ್ಪಿಸಿದವಳಲ್ಲ.

ಕೆಳಗೆ ಹೋಗಿ ಕೇಳಿದೆ. ತಾರಾ ದರ್ಜೆ ಕೊಡುವ ಪ್ರವಾಸೋದ್ಯಮ ಸಚಿವಾಲಯದ ನಿಯಮದಲ್ಲಿ ಅಂಗವಿಕಲ ಅತಿಥಿಗಳಿಗೆ ಅಂತ ಕನಿಷ್ಠ ಒಂದು ಕೋಣೆ ಇರಲೇಬೇಕು, ಅದರ ಬಾಗಿಲು ಒಂದು ಮೀಟರ್ ಅಗಲ ಇರಬೇಕು. ಇವರಲ್ಲೂ ಅಂಥದ್ದೊಂದು ಇತ್ತು. "ಬುಕಿಂಗ್ ಮಾಡುವಾಗಲೇ ಹೇಳಬೇಕಿತ್ತು ಸಾರ್, ಈಗ ಅದರಲ್ಲಿ ಬೇರೆಯವರಿದ್ದಾರೆ" ಅಂದರು. ಅಮ್ಮ ಅಂಗವಿಕಲಳಲ್ಲ ರಾಘು. ವಯಸ್ಸಾಗಿದೆ, ಅಷ್ಟೇ. ಬುಕ್ ಮಾಡುವಾಗ ಅವಳನ್ನು ಯಾವ ಪಟ್ಟಿಗೆ ಸೇರಿಸಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಆಮೇಲೆ ಕೋಣೆ ಗುಡಿಸಲು ಬಂದ ಹೆಂಗಸು, ರಾಯಚೂರು ಕಡೆಯವರು, ಅಮ್ಮನ ಮುಖ ನೋಡಿದ ಕೂಡಲೇ, "ಬಕೀಟ್ ಬೇಕೇನ್ರೀ ಅಮ್ಮಾರೆ?" ಅಂದರು. ಸಿಬ್ಬಂದಿಯ ಕಡೆಯಿಂದ ಒಂದು ಬಕೆಟ್, ಮಗ್ಗು, ಪ್ಲಾಸ್ಟಿಕ್ ಸ್ಟೂಲ್ ತಂದರು. ಟಬ್ಬಿನ ಹೊರಗೆ ನೆಲಕ್ಕೆ ದಪ್ಪ ಟವೆಲ್ ಹಾಸಿ ಸ್ಟೂಲ್ ಇಟ್ಟರು, ಅಮ್ಮನ ಬೆನ್ನಿಗೂ ತಾವೇ ನೀರು ಹಾಕಿದರು. ಒಳಗಿನಿಂದ ಇಬ್ಬರೂ ಮೊಮ್ಮಕ್ಕಳ ವಿಷಯ ಮಾತಾಡುವುದು ಕೇಳುತ್ತಿತ್ತು. ಹೊರಡುವಾಗ ಅಮ್ಮ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಇನ್ನೊಂದು ವಿಷಯ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಹಿಂಡುತ್ತದೆ. ಅಲ್ಲಿ ಬಾಗಿಲಿನ ಕಾರ್ಡನ್ನೇ ಒಳಗೆ ಗೋಡೆಯ ಗೂಡಿಗೆ ಸಿಕ್ಕಿಸಬೇಕು, ಆಗ ಮಾತ್ರ ಕರೆಂಟ್. ತೆಗೆದ ಕೂಡಲೇ ದೀಪ ಆರುವುದಿಲ್ಲ, ಹೊರಗೆ ಹೋಗುವವರಿಗೆ ಬೆಳಕಿರಲಿ ಅಂತ ಸ್ವಲ್ಪ ಹೊತ್ತು ಉರಿಯುತ್ತದೆ. ನಾನು ಕಣ್ಣಿನ ಡ್ರಾಪ್ಸ್ ತರಲು ಕಾರ್ಡ್ ತೆಗೆದುಕೊಂಡು ಹೊರಟೆ. ಬಾಗಿಲು ಎಳೆಯುವಾಗ ದೀಪ ಉರಿಯುತ್ತಲೇ ಇತ್ತು. ಇಪ್ಪತ್ತು ನಿಮಿಷ ಬಿಟ್ಟು ಬಂದು ಬಾಗಿಲು ತೆಗೆದರೆ ಗವ್ವೆನ್ನುವ ಕತ್ತಲು, ದಪ್ಪ ಪರದೆ ಎಳೆದಿದ್ದರಿಂದ ಹಗಲಿನ ಗೆರೆಯೂ ಇಲ್ಲ. ಅಮ್ಮ ಮಂಚದ ಅಂಚಿನಲ್ಲಿ ಹೊದಿಕೆಯನ್ನು ಎರಡೂ ಕೈಯಲ್ಲಿ ಮುದ್ದೆಮಾಡಿ ಹಿಡಿದು ಕೂತಿದ್ದಳು.

"ಕರೆಂಟ್ ಹೋಯ್ತೇನೋ? ನನ್ನ ಕಣ್ಣೇ ಹೋಯ್ತು ಅಂತ ಮಾಡಿದ್ದೆ" ಅಂದಳು.

ಕೇಳಿದ್ದರೆ ಎರಡನೆಯ ಕಾರ್ಡ್ ಕೊಡುತ್ತಿದ್ದರಂತೆ. ಕೇಳಬೇಕು ಅಂತ ನನಗೆ ಹೇಳಿದವರಿಲ್ಲ. ನಿನ್ನ ಎಲೆಕ್ಟ್ರಿಷಿಯನ್‌ಗೆ ಇವತ್ತೇ ಹೇಳು: ಕಾರ್ಡ್ ಸಿಸ್ಟಂ ಹಾಕಿಸುವುದೇ ಆದರೆ ಮಂಚದ ಪಕ್ಕದ ಒಂದು ದೀಪ, ಬಚ್ಚಲಿನ ಒಂದು ದೀಪ ಆ ಲೈನಿಗೆ ಸೇರಿಸಬೇಡ.

ನಿನ್ನಲ್ಲಿಗೆ ಯಾರು ಬರುತ್ತಾರೆ ಅಂತ ಯೋಚಿಸು. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಶುರುವಾದಾಗ ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕಾಲ ಮುಗಿಯಿತು. ಟೆಂಪೊ ಟ್ರಾವೆಲರ್ ಮಾಡಿಕೊಂಡು ಚೌಡೇಶ್ವರಿ ದೇವಿಯ ದರ್ಶನಕ್ಕೆ ಬರುವ ಕುಟುಂಬಗಳಲ್ಲಿ ಹರಕೆ ಹೊತ್ತ ಅಜ್ಜಿಯೊಬ್ಬರು ಇದ್ದೇ ಇರುತ್ತಾರೆ. ಅಮ್ಮನೇ ಎಷ್ಟು ಸಲ ಲಾಂಚಿನಲ್ಲಿ ಹೋಗಿಲ್ಲ! ನಿನ್ನ ಕೋಣೆಗಳ ಬಾಡಿಗೆ 7,500ರ ಒಳಗೇ ಇರುತ್ತದೆ, ಈಗ ಅದಕ್ಕೆ 5% ತೆರಿಗೆ. ಅಂಥ ಅಜ್ಜಿಯರಿಗೆ ಬೇಕಾದದ್ದು ಮಾಡಿಸಲು ಹೆಚ್ಚು ಖರ್ಚಿಲ್ಲ. ಟಬ್ ಬೇಡವೇ ಬೇಡ. ಒರಟು ಟೈಲ್ಸ್ ಹಾಕಿಸು. ಕಂಬಿಯನ್ನು ಗೋಡೆ ಪ್ಲಾಸ್ಟರ್ ಆಗುವ ಮೊದಲೇ ಗಟ್ಟಿಯಾಗಿ ಕೂರಿಸು, ಕಮೋಡಿನ ಪಕ್ಕದಲ್ಲೂ ಒಂದು. ಬಕೆಟ್, ತಂಬಿಗೆ, ಕೂರಲು ಸ್ಟೂಲ್ ಪ್ರತಿ ಕೋಣೆಯಲ್ಲೂ ಮೊದಲೇ ಇರಲಿ, ಯಾರೂ ಕೇಳುವ ಹಾಗಾಗಬಾರದು. ಬೆಳಗಿನ ರೈಲಿಗೆ ಬಂದಿಳಿಯುವವರಿಗೆ ಒಂದು ಕೋಣೆ ಖಾಲಿ ಇಟ್ಟಿರು.

ಕಂಬಿ ಎಷ್ಟು ಎತ್ತರಕ್ಕೆ ಬೇಕು ಅನ್ನುವುದು ಮೇಸ್ತ್ರಿಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿಲ್ಲ. ಭಾನುವಾರದವರೆಗೆ ಕೆಲಸ ನಿಲ್ಲಿಸು. ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಅವಳು ನಿಂತು ಕೈ ಚಾಚಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೋ.

ನಿನ್ನ,
ಸುರೇಶ