ಒಂದು ಅಕ್ಷರ ಸೇರಿಸಿಕೊಡಿ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕಲಬುರಗಿ ಜಿಲ್ಲೆಯವಳು. ನಿಮ್ಮ ಕ್ಷೇತ್ರದ ಮತದಾರಳು. ನನ್ನ ಹೆಸರು, ಊರು, ಫೋನ್ ನಂಬರ್ ಎಲ್ಲ ನಿಮ್ಮ ಕಚೇರಿಯಲ್ಲಿ ಇವೆ. ಜನವರಿಯಲ್ಲಿ ಒಂದು ಅರ್ಜಿ ಕೊಟ್ಟಿದ್ದೆ. ನಿಮ್ಮ ಪಿ.ಎ. ಅದನ್ನು ತೆಗೆದುಕೊಂಡು "ಸಾಹೇಬ್ರಿಗೆ ತೋರಿಸ್ತೀವಿ" ಅಂದರು. ಮಾರ್ಚ್‌ನಲ್ಲಿ ಕೇಳಲು ಹೋದಾಗ ಆ ಅರ್ಜಿ ಸಿಗಲಿಲ್ಲ. ಇನ್ನೊಂದು ಬರೆದುಕೊಡಿ ಅಂದರು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದುಕೊಟ್ಟೆ. ಈಗ ಆಗಸ್ಟ್. ಒಂದು ಫೋನೂ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ನನ್ನ ಮದುವೆ ನೋಂದಣಿ ಪ್ರಮಾಣಪತ್ರದಲ್ಲಿ ಕಚೇರಿಯವರು ಬಿಟ್ಟ ಒಂದು ಅಕ್ಷರವನ್ನು ಕಚೇರಿಯವರೇ ಸೇರಿಸಿಕೊಡಲಿ. ಅದಕ್ಕಾಗಿ ನನ್ನ ಗಂಡ ಕೆನಡಾದಿಂದ ಬಂದು ಎದುರಿಗೆ ನಿಲ್ಲಬೇಕು ಅನ್ನುವುದನ್ನು ಬಿಡಲಿ.

ನನ್ನ ಹೆಸರು 'ಶ'ದಿಂದ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಎಸ್ ಆದ ಮೇಲೆ ಎಚ್ ಬರಬೇಕು. ಆಧಾರ್, ಪಾಸ್‌ಪೋರ್ಟ್, ಹತ್ತನೇ ತರಗತಿ ಮಾರ್ಕ್ಸ್ ಕಾರ್ಡ್, ಎಲ್ಲದರಲ್ಲೂ ಎಚ್ ಇದೆ. ನೋಂದಣಿ ಅರ್ಜಿಯಲ್ಲೂ ನಾನು ಸರಿಯಾಗಿಯೇ ಬರೆದಿದ್ದೆ, ಅದರ ಜೆರಾಕ್ಸ್ ಇಟ್ಟುಕೊಂಡಿದ್ದೇನೆ. ಪ್ರಮಾಣಪತ್ರದಲ್ಲಿ ಮಾತ್ರ ಎಚ್ ಇಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಮದುವೆ. ನನ್ನ ಗಂಡ ವಾಪಸ್ ಹೋಗಲು ಇನ್ನು ನಾಲ್ಕೇ ದಿನ ಇತ್ತು, ಗಡಿಬಿಡಿಯಲ್ಲಿ ನೋಂದಣಿ ಮಾಡಿಸಿದೆವು. ಕೈಗೆ ಬಂದಾಗ ಕನ್ನಡದ ಸಾಲು ಓದಿದೆವು. ಅದು ಸರಿ ಇತ್ತು. ಇಂಗ್ಲಿಷ್ ಸಾಲನ್ನು ಯಾರೂ ಅಕ್ಷರ ಅಕ್ಷರ ನೋಡಲಿಲ್ಲ. ಕಾಗದ ಹಾಳಾಗಬಾರದು ಅಂತ ನಮ್ಮಣ್ಣ ಲ್ಯಾಮಿನೇಷನ್ ಮಾಡಿಸಿ ತಂದುಕೊಟ್ಟ. ಆಮೇಲೆ ಅದೇ ಕಚೇರಿಯವರು ಆ ಲ್ಯಾಮಿನೇಷನ್ ನೋಡಿ, "ಇದು ನಡೆಯಲ್ಲ, ಇದರ ಮೇಲೆ ನಾವು ಏನೂ ಬರೆಯೋಕಾಗಲ್ಲ" ಅಂದರು. ಅಂಚಿನಲ್ಲಿ ಬ್ಲೇಡ್ ಹಾಕಿ ಪ್ಲಾಸ್ಟಿಕ್ ಬಿಡಿಸಲು ನೋಡಿದೆ. ಸೀಲಿನ ಒಂದು ಮೂಲೆ ಅದರ ಜೊತೆಗೇ ಎದ್ದುಬಂತು. ಆವತ್ತು ನಾನು ಅತ್ತಷ್ಟು ತವರು ಬಿಡುವಾಗಲೂ ಅತ್ತಿರಲಿಲ್ಲ.

ನನ್ನ ಗಂಡ 2018ರಲ್ಲಿ ಓದಲು ಕೆನಡಾಕ್ಕೆ ಹೋದರು. ಓದು ಮುಗಿಸಿ, ಕೆಲಸ ಮಾಡಿ, 2022ರಲ್ಲಿ ಪಿಆರ್ ಪಡೆದರು. ಈಗ ಒಂಟಾರಿಯೊದಲ್ಲಿ ಒಂದು ಗೋದಾಮಿನಲ್ಲಿ ಶಿಫ್ಟ್ ಕೆಲಸ. ಪಿಆರ್ ಅಂದರೆ ಅಲ್ಲಿ ಕಾಯಂ ಇರಬಹುದು, ದುಡಿಯಬಹುದು. ಪೌರತ್ವ ಅಲ್ಲ, ಪಾಸ್‌ಪೋರ್ಟ್ ಇನ್ನೂ ನಮ್ಮ ದೇಶದ್ದೇ. ಪಿಆರ್ ಇದ್ದವರು ಹೆಂಡತಿಯನ್ನು ಸ್ಪಾನ್ಸರ್ ಮಾಡಿ ಕರೆಸಿಕೊಳ್ಳಬಹುದು. ಮೂರು ವರ್ಷ ಅವಳ ಜವಾಬ್ದಾರಿ ನನ್ನದು ಅಂತ ಅಲ್ಲಿನ ಸರ್ಕಾರಕ್ಕೆ ಬರೆದುಕೊಡಬೇಕು. ಅವರು ಬರೆದುಕೊಟ್ಟಿದ್ದಾರೆ. ಆದರೆ ಅಲ್ಲಿ ಒಂದು ಷರತ್ತು ಇದೆ, ದಯವಿಟ್ಟು ಇದನ್ನು ಗಮನ ಕೊಟ್ಟು ಓದಿ. ಕೆನಡಾದ ಪೌರರಾದವರು ಹೊರಗಿದ್ದುಕೊಂಡೂ ಸ್ಪಾನ್ಸರ್ ಮಾಡಬಹುದು. ಪಿಆರ್ ಇದ್ದವರು ಕೆನಡಾದಲ್ಲೇ ವಾಸ ಇರಬೇಕು. ರಜೆಗೆ ಬಂದು ಹೋಗಬಹುದು. ಇಲ್ಲೇ ಬಂದು ಕೂತು ತಿಂಗಳುಗಟ್ಟಲೆ ಕಚೇರಿ ಅಲೆಯಲು ಆಗಲ್ಲ.

ಅಲ್ಲಿನ ನಿಯಮ ಅವರಿಗೆ ಅಲ್ಲೇ ಇರು ಅನ್ನುತ್ತದೆ. ಇಲ್ಲಿನ ಕಚೇರಿ ಇಲ್ಲಿಗೇ ಬಾ ಅನ್ನುತ್ತದೆ. ನಡುವೆ ನಾನು ಎರಡೂವರೆ ವರ್ಷದಿಂದ ಕೂತಿದ್ದೇನೆ.

ಆ ಸ್ಪಾನ್ಸರ್ ಅರ್ಜಿಯನ್ನು ನೀವು ನೋಡಿರಲಿಕ್ಕಿಲ್ಲ. ಮೊದಲು ಯಾವಾಗ ಭೇಟಿಯಾದಿರಿ, ಯಾರು ಪರಿಚಯ ಮಾಡಿಸಿದರು, ಮದುವೆಗೆ ಮನೆಯವರು ಯಾರು ಯಾರು ಬಂದಿದ್ದರು, ಎಲ್ಲ ಕೇಳುತ್ತಾರೆ. ಬರೀ ವೀಸಾಕ್ಕಾಗಿ ಮಾಡಿಕೊಂಡ ಮದುವೆ ಅಲ್ಲ ಅಂತ ನಾವು ತೋರಿಸಿಕೊಡಬೇಕು. ನಮ್ಮದು ಹಿರಿಯರು ನೋಡಿ ಮಾಡಿದ ಲಗ್ನ. ಕನ್ಯೆ ನೋಡಲು ಬಂದ ದಿನದಿಂದ ಹಿಡಿದು ಅಕ್ಕಿಕಾಳು ಬೀಳುವ ತನಕ ಫೋಟೊ ಕಳಿಸಿದೆವು. ಆರು ನೂರು ಜನ ಉಂಡು ಹೋದ ಮದುವೆ ಅದು. ವಾಟ್ಸಾಪ್ ಕರೆಗಳ ಪಟ್ಟಿಯನ್ನೂ ತೆಗೆದುಕೊಟ್ಟೆವು. ಅವರಿಗೂ ನಮಗೂ ಒಂಬತ್ತೂವರೆ ತಾಸಿನ ಅಂತರ, ಚಳಿಗಾಲದಲ್ಲಿ ಹತ್ತೂವರೆ. ಅವರ ಶಿಫ್ಟ್ ಮುಗಿಯುವ ಹೊತ್ತಿಗೆ ನಾನು ಒಲೆ ಹಚ್ಚಿರುತ್ತೇನೆ. ಮಾತಾಡುತ್ತಲೇ ರೊಟ್ಟಿ ಬಡಿಯುತ್ತೇನೆ. ಬೆರಳಚ್ಚು ಕೊಡಲು ಹೈದರಾಬಾದಿಗೆ ಹೋಗಿ ಬಂದೆ. ಪೊಲೀಸ್ ಕ್ಲಿಯರೆನ್ಸ್ ಮಾಡಿಸಿದೆ, ಮೆಡಿಕಲ್ ಮಾಡಿಸಿದೆ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಊರು ಗುಲ್ಬರ್ಗಾ ಅಂತ ಇದೆ, ಪಾಸ್‌ಪೋರ್ಟಿನಲ್ಲಿ ಕಲಬುರಗಿ ಅಂತ ಇದೆ. 2014ರಲ್ಲಿ ಸರ್ಕಾರ ಹೆಸರು ಬದಲಿಸಿತು ಅಂತ ಒಂದು ಸಾಲು ಬರೆದೆವು. ಅದನ್ನು ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಎಚ್ ಬಗ್ಗೆ. 2024ರ ಜನವರಿಯಲ್ಲಿ ಕೆನಡಾದಿಂದ ಪತ್ರ ಬಂತು. ಪ್ರಮಾಣಪತ್ರದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದುತ್ತಿಲ್ಲ, ಸರಿಯಾದದ್ದನ್ನು 30 ದಿನದೊಳಗೆ ಕಳಿಸಿ ಅಂತ. ಎರಡೂ ಹೆಸರು ನನ್ನೊಬ್ಬಳದೇ ಅಂತ ನೋಟರಿ ಅಫಿಡವಿಟ್ ಮೊದಲೇ ಇಟ್ಟಿದ್ದೆವು. ಅದು ಸಾಲಲಿಲ್ಲ. ಹಾಗಾಗಿ ದಯವಿಟ್ಟು ನನಗೆ ಇನ್ನೊಂದು ಅಫಿಡವಿಟ್ ಮಾಡಿಸು ಅಂತ ಯಾರೂ ಹೇಳಬೇಡಿ.

ಪತ್ರ ಬಂದ ಮರುದಿನವೇ ನೋಂದಣಿ ಕಚೇರಿಗೆ ಓಡಿದೆ. ನಮ್ಮ ಊರಿಂದ ಹದಿನೆಂಟು ಕಿಲೋಮೀಟರ್, ದಿನಕ್ಕೆ ಮೂರು ಬಸ್. ಗುಮಾಸ್ತರು ನೋಡಿ, ತಿದ್ದುಪಡಿಗೆ ಗಂಡ ಹೆಂಡತಿ ಇಬ್ಬರೂ ಬರಬೇಕು, ಮದುವೆಗೆ ಸಾಕ್ಷಿ ಹಾಕಿದ ಮೂವರೂ ಬರಬೇಕು ಅಂದರು. ಗಂಡ ಕೆನಡಾದಲ್ಲಿ ಇದ್ದಾರೆ ಅಂದೆ. "ಹಂಗಾದ್ರ ಅವರು ಬಂದಾಗ ಬರ್ರಿ" ಅಂದರು. ಸರ್ಕಾರಿ ಕೆಲಸ ಇಂತಿಷ್ಟು ದಿನದಲ್ಲಿ ಆಗಬೇಕು ಅಂತ ಸಕಾಲ ಕಾಯ್ದೆ ಇದೆಯಲ್ಲ, ಅದರ ನಂಬರ್ ಕೊಡಿ ಅಂದೆ. ತಿದ್ದುಪಡಿ ಸಕಾಲದಲ್ಲಿ ಬರಲ್ಲ ಅಂದರು. ಲಿಖಿತವಾಗಿ ಕೊಡಿ ಅಂದೆ. ಕೊಡಲಿಲ್ಲ. ನನ್ನ ಗಂಡ ಟೊರಾಂಟೊದ ಭಾರತೀಯ ದೂತಾವಾಸಕ್ಕೆ ಹೋಗಿ, ರುಜು ದೃಢೀಕರಿಸಿಕೊಂಡು ಪವರ್ ಆಫ್ ಅಟಾರ್ನಿ ಕಳಿಸಿದರು. ಹೊಲ ಮಾರಲು ಅದು ನಡೆಯುತ್ತದೆ, ಒಂದು ಅಕ್ಷರ ತಿದ್ದಲು ನಡೆಯಲ್ಲವಂತೆ. "ಕೋರ್ಟ್ ಆರ್ಡರ್ ತರ್ರಿ" ಅಂದರು. ನಾನು ಯಾರ ಮೇಲೆ ಕೇಸ್ ಹಾಕಲಿ? ತಪ್ಪು ಮಾಡಿದವರು ಅವರು.

30 ದಿನ ಮುಗಿಯಿತು. ಬೇಡಿಕೊಂಡು ಇನ್ನೊಂದು ತಿಂಗಳು ಪಡೆದೆವು. ಅದೂ ಮುಗಿಯಿತು. ಮೇ ತಿಂಗಳಲ್ಲಿ ಅರ್ಜಿ ತಿರಸ್ಕಾರ ಆಯಿತು. ಮೇಲ್ಮನವಿಗೆ ದಾರಿ ಇತ್ತು, ಆದರೆ ಅದಕ್ಕೆ ವಕೀಲರ ಫೀ ಬೇಕು. ಕಾಗದ ಸರಿ ಮಾಡಿಸಿ ಹೊಸ ಅರ್ಜಿ ಹಾಕುವುದೇ ಬೇಗ ಅಂದುಕೊಂಡೆವು. ಬೇಗ! ನೋಡಲಾದರೂ ಹೋಗಿ ಬರೋಣ ಅಂತ ವಿಸಿಟರ್ ವೀಸಾ ಕೇಳಿದೆ. ನಾನು ವಾಪಸ್ ಬರುತ್ತೇನೆ ಅಂತ ಅವರಿಗೆ ನಂಬಿಕೆ ಬರಲಿಲ್ಲ, ಅದೂ ಹೋಯಿತು.

ಈಗ ಡಿಸೆಂಬರ್‌ನಲ್ಲಿ ನಡೆದದ್ದು ಹೇಳುತ್ತೇನೆ. ಇದನ್ನು ಹೇಳದೆ ನನಗೆ ನಿದ್ದೆ ಬರಲ್ಲ.

ನನ್ನ ಗಂಡ ಒಂದು ವರ್ಷದ ರಜೆ ಉಳಿಸಿ, ಸಾಲ ಮಾಡಿ ಟಿಕೆಟ್ ತೆಗೆದು, 2024ರ ಡಿಸೆಂಬರ್ 21ಕ್ಕೆ ಊರಿಗೆ ಬಂದರು. ಆವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾವಿಬ್ಬರು, ನಮ್ಮಣ್ಣ, ಅವರ ಸೋದರಮಾವ, ಅವರ ಗೆಳೆಯ, ಐದೂ ಜನ ಕಚೇರಿ ಬಾಗಿಲಲ್ಲಿ ಇದ್ದೆವು. ಸರ್ವರ್ ಇಲ್ಲ ಅಂದರು. ಸಂಜೆ ತನಕ ಕೂತೆವು. ಮಂಗಳವಾರ ಸಾಹೇಬರು ಮೀಟಿಂಗಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿದ್ದರು. ಬುಧವಾರ ಕ್ರಿಸ್‌ಮಸ್. ಗುರುವಾರ ಸಾಹೇಬರು ಸಿಕ್ಕರು. ನಮ್ಮದು ಆನ್‌ಲೈನ್ ಬರುವ ಮುಂಚಿನ ನೋಂದಣಿ, ಹಳೇ ರಿಜಿಸ್ಟರ್ ಹುಡುಕಬೇಕು, ನಾಳೆ ಬನ್ನಿ ಅಂದರು. ಆ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡರು, ಶುಕ್ರವಾರ ಸರ್ಕಾರಿ ರಜೆ. ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಮರುದಿನ ನಾಲ್ಕನೇ ಶನಿವಾರ. ಆಮೇಲೆ ಭಾನುವಾರ.

30ನೇ ತಾರೀಕು, ಸೋಮವಾರ, ಮತ್ತೆ ಐದೂ ಜನ ಹೋದೆವು. ಅವರ ಸೋದರಮಾವನಿಗೆ ಮೊಣಕಾಲು ನೋವು, ಮೆಟ್ಟಿಲ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ಮಧ್ಯಾಹ್ನ ಮೂರಕ್ಕೆ ಒಳಗೆ ಕರೆದರು. ರಿಜಿಸ್ಟರ್ ಸಿಕ್ಕಿತ್ತು. ತೆರೆದು ತೋರಿಸಿದರು. ಅದರಲ್ಲಿ ನನ್ನ ಹೆಸರು ಸರಿಯಾಗಿದೆ! ಎಚ್ ಇದೆ! ಅದರಿಂದ ಪ್ರಮಾಣಪತ್ರಕ್ಕೆ ಇಳಿಸುವಾಗ ಅವರೇ ಬಿಟ್ಟಿದ್ದಾರೆ. ನನಗೆ ಎದೆ ಹಗುರಾಯಿತು, ಇನ್ನೇನು ಕೊಟ್ಟೇ ಬಿಡುತ್ತಾರೆ ಅಂದುಕೊಂಡೆ. ಆಗ ಆ ಗುಮಾಸ್ತರು, ಮೇಲಿನಿಂದ ಅನುಮತಿ ತರಿಸಬೇಕು, ಹದಿನೈದು ದಿನ ಆಗುತ್ತೆ, ಆಗ ಮತ್ತೆ ಇಬ್ಬರೂ ಬರಬೇಕು ಅಂದರು. ನನ್ನ ಗಂಡ, "ನಾಳೆ ನನ್ನ ವಿಮಾನ ಅದ ಸರ್" ಅಂದರು. ಅದಕ್ಕೆ ಅವರು ನಗುತ್ತಾ ಹೇಳಿದ ಮಾತು ಹೀಗಿದೆ: "ಇಷ್ಟೆಲ್ಲ ಯಾಕ್ ತ್ರಾಸು? ಇನ್ನೊಂದ್ ಸಲ ಲಗ್ನ ಆಗಿಬಿಡ್ರಿ, ಹೊಸ ಸರ್ಟಿಫಿಕೇಟ್ ಬರ್ತದ. ಅದೇ ಹಗುರ."

ಶಾಸಕರೇ, ಆ ಕೋಣೆಯಲ್ಲಿ ನಾಲ್ಕು ಜನ ನಕ್ಕರು. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು. ಮದುವೆ ನಿಜವೋ ಅಲ್ಲವೋ ಅಂತ ಪರದೇಶದವರು ನೂರು ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆವು. ನಮ್ಮ ಜಿಲ್ಲೆಯ ಕಚೇರಿಯಲ್ಲೇ ಅದು ನಗೆಯ ಮಾತಾಯಿತು. ಹೊಸ ತಾರೀಕಿನ ಎರಡನೇ ಪ್ರಮಾಣಪತ್ರ ಕೊಟ್ಟರೆ ಮೊದಲನೇ ಮದುವೆ ಏನಾಯಿತು ಅಂತ ಕೆನಡಾದವರು ಕೇಳಲ್ವಾ? ಅಷ್ಟೂ ಯೋಚನೆ ಬೇಡವಾ?

ಮರುದಿನ ನಸುಕಿನಲ್ಲಿ ಅವರು ಹೈದರಾಬಾದಿಗೆ ಹೊರಟರು. ನಮ್ಮತ್ತೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕಟಕ ರೊಟ್ಟಿ ಕಟ್ಟಿಕೊಟ್ಟರು. ಇಬ್ಬರಿಗೆ ಆಗುವಷ್ಟು ಮಾಡಿದ್ದರು. ಈ ಸಲ ನಾನೂ ಬೇಗ ಹೋಗುತ್ತೇನೆ ಅಂತ ಅವರು ನಂಬಿದ್ದರು.

ನಾನು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ ಆಗಿದ್ದೆ. ಕೆನಡಾಕ್ಕೆ ಹೋಗುವವಳು ಅಂತ 2023ರಲ್ಲಿ ಬಿಟ್ಟೆ. ಆ ಜಾಗಕ್ಕೆ ಬೇರೆಯವರು ಬಂದರು. ಈಗ ಆರು ತಿಂಗಳು ಅತ್ತೆ ಮನೆ, ಆರು ತಿಂಗಳು ತವರು. ಗಂಡ ಬಿಟ್ಟಿದ್ದಾನೇನೋ ಅಂತ ಓಣಿಯಲ್ಲಿ ಅಂದುಕೊಳ್ಳುತ್ತಾರೆ. ನಾನು ಸುಮ್ನೆ ಇರುತ್ತೇನೆ. ನಮ್ಮವ್ವ ಸುಮ್ನೆ ಇರಲ್ಲ, ಜಗಳಕ್ಕೆ ಹೋಗುತ್ತಾಳೆ. ಮೆಡಿಕಲ್ ಹನ್ನೆರಡು ತಿಂಗಳಷ್ಟೇ ನಡೆಯುತ್ತದೆ, ಅದು ಯಾವಾಗಲೋ ಮುಗಿಯಿತು. ಪೊಲೀಸ್ ಕ್ಲಿಯರೆನ್ಸ್ ಹೊಸ ಅರ್ಜಿಯ ಹಿಂದಿನ ಆರು ತಿಂಗಳೊಳಗಿನದು ಬೇಕು, ಅದನ್ನೂ ಮತ್ತೆ ಮಾಡಿಸಬೇಕು. ಆ ಎಚ್ ಬರುವ ತನಕ ಯಾವುದನ್ನೂ ಶುರು ಮಾಡುವ ಹಾಗಿಲ್ಲ.

ನಿಮಗೆ ನಿಯಮ ಗೊತ್ತು. ಸಕಾಲ ಕಾಯ್ದೆ 2011ರದ್ದು, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ ಅಂತ ಅದರಲ್ಲೇ ಇದೆ. ನನಗೆ ಆ ಇಪ್ಪತ್ತು ರೂಪಾಯಿ ಬೇಡ. ಒಂದು ನಂಬರ್ ಬೇಕು, ಒಂದು ತಾರೀಕು ಬೇಕು. ಗುಲ್ಬರ್ಗಾವನ್ನು ಕಲಬುರಗಿ ಮಾಡಿದಿರಿ, ಹೈದರಾಬಾದ್ ಕರ್ನಾಟಕವನ್ನು 2019ರಲ್ಲಿ ಕಲ್ಯಾಣ ಕರ್ನಾಟಕ ಮಾಡಿದಿರಿ. ಇಡೀ ಸೀಮೆಯ ಹೆಸರು ತಿದ್ದಿದ ಸರ್ಕಾರಕ್ಕೆ ನನ್ನ ಹೆಸರಿನ ಒಂದು ಅಕ್ಷರ ಯಾಕೆ ಭಾರ ಆಗುತ್ತಿದೆ? ನಾನೊಬ್ಬಳೇ ಅಲ್ಲ. ನೋಂದಣಿ ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕ ಕೂತವರಲ್ಲಿ ದುಬೈನಲ್ಲಿ ಗಂಡ ಇರುವವಳು ಇದ್ದಳು, ಸೈನ್ಯದಲ್ಲಿ ಗಂಡ ಇರುವವಳೂ ಇದ್ದಳು. ಎಲ್ಲರಿಗೂ ಒಂದೇ ಮಾತು, ಇಬ್ಬರೂ ಬನ್ನಿ.

ಕಚೇರಿ ಮಾಡಿದ ತಪ್ಪನ್ನು ಕಚೇರಿಯೇ ತಿದ್ದಲಿ. ರಿಜಿಸ್ಟರಿನಲ್ಲಿ ಸರಿ ಇದ್ದರೆ ಗಂಡನನ್ನು ಕರೆಯಬೇಡಿ, ಸಾಕ್ಷಿಗಳನ್ನು ಕರೆಯಬೇಡಿ, ನೋಡಿ ಬರೆದುಕೊಡಿ. ಇಂಥ ತಿದ್ದುಪಡಿಗೂ ಸಕಾಲದ ರಸೀದಿ ಕೊಡಿಸಿ. ಇದನ್ನು ಆದೇಶ ಮಾಡಿಸಲು ನಿಮ್ಮಿಂದ ಆಗುತ್ತದೆ, ವಿಧಾನಸಭೆಯಲ್ಲಿ ಕೇಳಲೂ ಆಗುತ್ತದೆ. ಅಷ್ಟು ದಿನ ಕಾಯಲು ನನ್ನಿಂದ ಆಗಲ್ಲ. ಆದ್ದರಿಂದ ಮೊದಲು ಆ ಕಚೇರಿಗೆ ಒಂದು ಫೋನ್ ಮಾಡಿ.

ಈ ಕೆಲಸಕ್ಕೆ ಎಷ್ಟು ಸಲ ಅಲೆದೆ ಅಂತ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಟ್ಟಿದ್ದೇನೆ. ಇವತ್ತಿಗೆ 23. ಬರುವ ಸೋಮವಾರ ಬೆಳಿಗ್ಗೆ ನಿಮ್ಮ ಕಚೇರಿಗೆ ಬರುತ್ತೇನೆ. ಅರ್ಜಿಯ ಜೆರಾಕ್ಸ್, ಪಾಸ್‌ಪೋರ್ಟ್, ಮೂಲೆ ಕಿತ್ತ ಪ್ರಮಾಣಪತ್ರ ಮೂರೂ ತರುತ್ತೇನೆ. ಅರ್ಜಿಯನ್ನು ಈ ಸಲ ಪಿ.ಎ. ಕೈಗೆ ಕೊಡುವುದಿಲ್ಲ. ನೀವು ಬರುವ ತನಕ ನಿಮ್ಮ ಕಚೇರಿಯ ಅದೇ ಬೆಂಚಿನ ಮೇಲೆ ಕೂತಿರುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು,
ಕಲಬುರಗಿ ಜಿಲ್ಲೆ