ಟ್ರಿನಿಡಾಡ್ ಪ್ರವಾಸ: ತೋಟವನ್ನೂ ಕಾಡನ್ನೂ ಒಟ್ಟಿಗೆ ತೋರಿಸಲಿ

ಮಾನ್ಯ ಸಂಪಾದಕರೇ,

ಕೆರಿಬಿಯನ್ ದ್ವೀಪಗಳ ಪ್ರವಾಸವನ್ನು ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ ಬರಹವನ್ನು ಓದಿದೆ. ಟ್ರಿನಿಡಾಡ್‌ನ ಮರಾಕಸ್ ಕಡಲತೀರ, ಕಾರ್ನಿವಲ್ ಉತ್ಸವ ಮತ್ತು ಸ್ಟೀಲ್‌ಪ್ಯಾನ್ ವಾದ್ಯದ ವಿವರಗಳು ಅದರಲ್ಲಿ ಚೆನ್ನಾಗಿ ಬಂದಿವೆ. ಆದರೆ ಇತಿಹಾಸದ ತಾಣಗಳಿಗೆ ಒಂದು ದಿನ, ನಿಸರ್ಗ ತಾಣಗಳಿಗೆ ಇನ್ನೊಂದು ದಿನ ಇಟ್ಟುಕೊಳ್ಳಬೇಕು, ಬಿಡುವು ಸಾಲದಿದ್ದರೆ ಇತಿಹಾಸವನ್ನು ಕೈಬಿಡಬಹುದು ಎಂಬ ಸಲಹೆಯನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಮಗಳ ಕುಟುಂಬದೊಡನೆ ಆ ದ್ವೀಪವನ್ನು ಸುತ್ತಿ ಬಂದಿರುವ ನನ್ನ ಅಭಿಪ್ರಾಯದಲ್ಲಿ, ಅಲ್ಲಿನ ಬೆಟ್ಟ, ಬಯಲು, ಜೌಗುಗಳು ಇಂದಿನ ರೂಪಕ್ಕೆ ಬಂದಿರುವುದರಲ್ಲಿ ಕಬ್ಬು ಮತ್ತು ಕೋಕೋ ತೋಟಗಳ ಪಾಲು ಬಹಳ ದೊಡ್ಡದು. ಆ ತೋಟಗಳಲ್ಲಿ ದುಡಿದವರ ಕಥೆಯನ್ನು ಬಿಟ್ಟು ಅಲ್ಲಿನ ಹಕ್ಕಿಗಳನ್ನೂ ಮರಗಳನ್ನೂ ನೋಡಿ ಬಂದವರು ಅರ್ಧವನ್ನಷ್ಟೇ ನೋಡಿದಂತಾಗುತ್ತದೆ.

ನಾನು ಕಾಫಿ ಬೆಳೆಗಾರನಾದ್ದರಿಂದ ಉತ್ತರದ ಬೆಟ್ಟಸಾಲಿನಿಂದಲೇ ಆರಂಭಿಸುತ್ತೇನೆ. ಮಳೆ ನಿಂತ ತಿಂಗಳುಗಳಲ್ಲಿ ಆ ಇಳಿಜಾರುಗಳ ತುಂಬ ಎಲೆಯುದುರಿಸಿ ಕಿತ್ತಳೆ ಬಣ್ಣದ ಹೂ ಹೊತ್ತು ನಿಲ್ಲುವ ಎತ್ತರದ ಮರಗಳಿವೆ. ಅವನ್ನು ಅಲ್ಲಿ ‘ಇಮ್ಮಾರ್ಟೆಲ್’ ಎನ್ನುತ್ತಾರೆ. ನಮ್ಮ ಮಲೆನಾಡಿನ ತೋಟಗಳ ಹಾಲುವಾಣದ ಕುಲಕ್ಕೇ ಸೇರಿದ ಮರ ಅದು. ಕೋಕೋ ಗಿಡಗಳಿಗೆ ನೆರಳಾಗಲೆಂದು ತೋಟದವರೇ ಅದನ್ನು ಬೆಳೆಸಿದರು. 1920ರ ದಶಕದಲ್ಲಿ ಕೋಕೋ ಬೆಲೆ ಕುಸಿಯಿತು, ಅದರ ಬೆನ್ನಿಗೇ ‘ವಿಚಸ್ ಬ್ರೂಮ್’ ಎಂಬ ಶಿಲೀಂಧ್ರ ರೋಗವೂ ತಗುಲಿತು, ಅನೇಕ ತೋಟಗಳು ಪಾಳು ಬಿದ್ದವು. ಕಾಡು ಮರಳಿ ಬಂದರೂ ನೆರಳಿನ ಮರಗಳು ಉಳಿದುಕೊಂಡವು. ಆದ್ದರಿಂದ ದಟ್ಟ ಕಾಡಿನಂತೆ ತೋರುವ ಕಡೆಯಲ್ಲಿ ಆ ಹೂಗಳು ಕಂಡರೆ, ಅಲ್ಲಿ ಹಿಂದೆ ಕೋಕೋ ತೋಟವಿದ್ದಿರಬೇಕೆಂದು ಊಹಿಸಬಹುದು. ಇದನ್ನು ಹೇಳಿಕೊಡುವ ಮಾರ್ಗದರ್ಶಿ ಜೊತೆಗಿಲ್ಲದಿದ್ದರೆ ಪ್ರವಾಸಿಗರು ಆ ಹೂವಿನ ಚಿತ್ರ ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ. ಪಕ್ಷಿಪ್ರಿಯರಿಗೆ ಪರಿಚಿತವಾದ ಅಸಾ ರೈಟ್ ನಿಸರ್ಗ ಕೇಂದ್ರ 1967ರಲ್ಲಿ ಸ್ಥಾಪನೆಯಾದದ್ದೂ ಸ್ಪ್ರಿಂಗ್ ಹಿಲ್ ಎಂಬ ಹಳೆಯ ಕಾಫಿ, ಕೋಕೋ ತೋಟದಲ್ಲಿಯೇ. ಹಗಲೆಲ್ಲ ಗುಹೆಯಲ್ಲಿದ್ದು ರಾತ್ರಿ ಹೊರಬಂದು ಹಣ್ಣು ತಿನ್ನುವ, ಕತ್ತಲಲ್ಲಿ ತನ್ನದೇ ಸದ್ದಿನ ಪ್ರತಿಧ್ವನಿಯಿಂದ ದಾರಿ ತಿಳಿಯುವ ಆಯಿಲ್‌ಬರ್ಡ್ ಹಕ್ಕಿಗಳ ನೆಲೆ ಅಲ್ಲಿದೆ.

ಇನ್ನು ಆ ತೋಟಗಳಲ್ಲಿ ದುಡಿದವರ ವಿಷಯ. ಆಫ್ರಿಕಾದಿಂದ ತಂದ ಗುಲಾಮರಿಗೆ 1838ರಲ್ಲಿ ಪೂರ್ಣ ಬಿಡುಗಡೆ ದೊರೆತ ಮೇಲೆ, ತೋಟದ ಒಡೆಯರು ಅಗ್ಗದ ಆಳುಗಳಿಗಾಗಿ ಭಾರತದತ್ತ ತಿರುಗಿದರು. ‘ಫತೇಲ್ ರಜಾಕ್’ ಎಂಬ ಹಡಗು ಕಲ್ಕತ್ತೆಯಿಂದ ಹೊರಟು, ಇನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು 1845ರ ಮೇ 30ರಂದು ಟ್ರಿನಿಡಾಡ್ ತಲುಪಿತು. 1917ರವರೆಗೆ ಹೀಗೆ ಬಂದವರು 1.40 ಲಕ್ಷಕ್ಕೂ ಮಿಕ್ಕಿದ್ದರು. ಹೆಚ್ಚಿನವರು ಗಂಗಾ ಬಯಲಿನ ಹಳ್ಳಿಗಳವರು. ಮದ್ರಾಸ್ ಬಂದರಿನಿಂದ ಹಡಗು ಹತ್ತಿದವರೂ ಇದ್ದರು. 1866ರ ನಂತರ ಬಂದವರನ್ನು ಮೊದಲು ಇಳಿಸುತ್ತಿದ್ದುದು ಪೋರ್ಟ್ ಆಫ್ ಸ್ಪೇನ್‌ಗೆ ಸಮೀಪದ ನೆಲ್ಸನ್ ದ್ವೀಪದಲ್ಲಿ. ಕಾಯಿಲೆಯವರನ್ನು ಬೇರೆಯಿಟ್ಟು, ಗಟ್ಟಿಮುಟ್ಟಾದವರನ್ನು ಐದು ವರ್ಷಗಳ ಕರಾರಿನ ಮೇಲೆ ತೋಟಗಳಿಗೆ ಹಂಚುತ್ತಿದ್ದರು. ಮುಂದೆ ಕಾರ್ಮಿಕ ನಾಯಕ ಯುರಾಯಾ ಬಟ್ಲರ್ ಅವರನ್ನೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿಯೇ ಬಂಧನದಲ್ಲಿ ಇಟ್ಟಿದ್ದರು. ಇಷ್ಟು ಚರಿತ್ರೆಯನ್ನು ಹೊತ್ತಿರುವ ಸಣ್ಣ ದ್ವೀಪವೊಂದರ ಹೆಸರು ಭಾರತೀಯರಿಗಾಗಿ ಬರೆದ ಪ್ರವಾಸ ಲೇಖನದಲ್ಲಿ ಬಾರದೆ ಹೋದದ್ದು ನನಗೆ ನಿಜಕ್ಕೂ ನೋವುಂಟುಮಾಡಿತು.

ವಾಟರ್‌ಲೂ ಎಂಬ ಊರಿನ ಸಮುದ್ರ ದೇವಾಲಯವನ್ನು ಲೇಖನ ಒಂದು ವಾಕ್ಯದಲ್ಲಿ ಮುಗಿಸಿದೆ. ಬಾಲ್ಯದಲ್ಲಿ ತಂದೆತಾಯಿಯರೊಡನೆ ಭಾರತದಿಂದ ಬಂದು ಕಬ್ಬಿನ ತೋಟದಲ್ಲಿ ದುಡಿದ ಸೀವ್‌ದಾಸ್ ಸಾಧು ಅವರು 1947ರಲ್ಲಿ ಅಲ್ಲಿನ ಕಡಲ ದಡದಲ್ಲಿ ಪುಟ್ಟದೊಂದು ಗುಡಿ ಕಟ್ಟಲು ತೊಡಗಿದರು. ಜಾಗ ಸಕ್ಕರೆ ಕಂಪನಿಯದಾಗಿತ್ತು. 1952ರಲ್ಲಿ ಗುಡಿಯನ್ನು ಕೆಡವಲಾಯಿತು, ಸಾಧು ಅವರಿಗೆ 14 ದಿನಗಳ ಸೆರೆವಾಸವಾಯಿತು. ಬಿಡುಗಡೆಯಾಗಿ ಬಂದವರು ಕಂಪನಿಯ ನೆಲವೇ ಬೇಡವೆಂದು ಕಡಲಿನೊಳಕ್ಕೆ ಕಲ್ಲು ಮಣ್ಣು ತುಂಬತೊಡಗಿದರು. ಸೈಕಲ್ಲಿನಲ್ಲಿ ಬಕೆಟ್ ತೂಗುಹಾಕಿಕೊಂಡು ಸಾಮಗ್ರಿ ಸಾಗಿಸುತ್ತ, ವರ್ಷಗಟ್ಟಲೆ ಬಹುತೇಕ ಒಂಟಿಯಾಗಿಯೇ ದುಡಿದು ನೀರಿನ ನಡುವೆ ಗುಡಿಯನ್ನು ನಿಲ್ಲಿಸಿದರು. ಅಲೆಗಳಿಂದ ಹಾಳಾಗಿದ್ದ ಅದನ್ನು, ಭಾರತೀಯರು ಬಂದು 150 ವರ್ಷ ತುಂಬಿದ 1995ರಲ್ಲಿ ಸರ್ಕಾರದ ನೆರವಿನಿಂದ ಮತ್ತೆ ಕಟ್ಟಲಾಯಿತು. ಆ ಗುಡಿಯ ಪಕ್ಕದಲ್ಲಿಯೇ ಚಿತೆ ಉರಿಸುವ ದಡವಿದೆ; ನೀರು ಇಳಿದಾಗ ತೆರೆದುಕೊಳ್ಳುವ ಅಲ್ಲಿನ ಕೆಸರು ಬಯಲು ಕೊಕ್ಕರೆ, ಕಡಲಕ್ಕಿಗಳ ಮೇವಿನ ತಾಣ. ಗುಡಿ ನೋಡುವ ದಿನ ಬೇರೆ, ಹಕ್ಕಿ ನೋಡುವ ದಿನ ಬೇರೆ ಎಂದು ಇಲ್ಲಿ ಯಾರಾದರೂ ಹೇಗೆ ವಿಂಗಡಿಸಿಯಾರು?

ಕರೋನಿ ಜೌಗಿನಲ್ಲಿ ಸಂಜೆ ಗೂಡಿಗೆ ಮರಳುವ ಸ್ಕಾರ್ಲೆಟ್ ಐಬಿಸ್ ಹಕ್ಕಿಗಳ ಬಗ್ಗೆ ಲೇಖಕರು ಸೊಗಸಾಗಿ ಬರೆದಿದ್ದಾರೆ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು ಬಿಳಿ ಕೆಂಬರಲುಗಳನ್ನು ಕಂಡವರಿಗೆ ಅದೇ ಬಳಗದ ಈ ಕಡುಗೆಂಪು ಹಕ್ಕಿ ಅಪರಿಚಿತವೆನಿಸದು. ಮರಿಗಳು ಕಂದು ಮಿಶ್ರಿತ ಬೂದು ಬಣ್ಣದವು. ಅವು ತಿನ್ನುವ ಏಡಿ, ಸಿಗಡಿಯಂಥ ಜೀವಿಗಳಲ್ಲಿನ ವರ್ಣದ್ರವ್ಯದಿಂದ ಆ ಕೆಂಪು ಬರುತ್ತದೆ. ಆದ್ದರಿಂದ ಜೌಗಿನ ಕಾಂಡ್ಲಾ ಕಾಡು ಕೆಟ್ಟರೆ ಹಕ್ಕಿಯೂ ಇಲ್ಲ, ಬಣ್ಣವೂ ಇಲ್ಲ. ಇದು ಟ್ರಿನಿಡಾಡಿನ ರಾಷ್ಟ್ರಪಕ್ಷಿಯಾಗಿದ್ದರೂ ಮಾಂಸಕ್ಕಾಗಿ ಕದ್ದು ಬೇಟೆಯಾಡುವುದು ನಿಲ್ಲದೆ, 2018ರಲ್ಲಿ ಅಲ್ಲಿನ ಸರ್ಕಾರ ಶಿಕ್ಷೆಯನ್ನು ಬಹಳ ಕಠಿಣಗೊಳಿಸಬೇಕಾಯಿತು. ಹಕ್ಕಿಗಳಿರುವ ಮರಗಳ ಸಮೀಪಕ್ಕೆ ದೋಣಿ ಒಯ್ಯುವಂತೆ ನಾವಿಕನನ್ನು ಒತ್ತಾಯಿಸಬಾರದೆಂಬ ಒಂದು ಮಾತು ಲೇಖನದಲ್ಲಿ ಇರಬೇಕಿತ್ತು.

ಕ್ರಿಕೆಟ್ ಬಲ್ಲ ಕನ್ನಡಿಗರಿಗೆ ಪೋರ್ಟ್ ಆಫ್ ಸ್ಪೇನ್ ಹೊಸ ಹೆಸರಲ್ಲ. 1976ರಲ್ಲಿ ಭಾರತ ಅಲ್ಲಿ 403 ರನ್‌ಗಳ ಗುರಿ ಮುಟ್ಟಿದಾಗ ನಮ್ಮ ಜಿ.ಆರ್. ವಿಶ್ವನಾಥ್ ಶತಕ ಹೊಡೆದಿದ್ದರು. ಆ ಅಭಿಮಾನದಿಂದ ಅಲ್ಲಿಗೆ ಹೋಗುವ ಹಿರಿಯರೂ, ಅಮೆರಿಕದಲ್ಲಿ ನೆಲೆಸಿ ರಜೆಗೆಂದು ಹೋಗುವ ನಮ್ಮ ಮಕ್ಕಳೂ ತಮ್ಮ ಪತ್ರಿಕೆಯನ್ನು ಓದಿ ಪ್ರವಾಸದ ಪಟ್ಟಿ ಹಾಕಿಕೊಳ್ಳುತ್ತಾರೆ. ಆದ್ದರಿಂದ ಮುಂದಿನ ಸಂಚಿಕೆಯೊಂದರಲ್ಲಾದರೂ ನೆಲ್ಸನ್ ದ್ವೀಪ, ವಾಟರ್‌ಲೂ ಮತ್ತು ಕರೋನಿ ಮೂರನ್ನೂ ಒಂದೇ ಪ್ರವಾಸವಾಗಿ ಪರಿಚಯಿಸಬೇಕೆಂದು ಕೋರುತ್ತೇನೆ. ನೆಲ್ಸನ್ ದ್ವೀಪ ಅಲ್ಲಿನ ನ್ಯಾಷನಲ್ ಟ್ರಸ್ಟ್‌ನ ಉಸ್ತುವಾರಿಯಲ್ಲಿದೆ; ದೋಣಿಯ ಏರ್ಪಾಡನ್ನು ಮೊದಲೇ ಮಾಡಿಕೊಳ್ಳದೆ ಹೋಗಲಾಗದು ಎಂಬುದನ್ನೂ ತಿಳಿಸಬೇಕು. ಹಾಗೆಯೇ ಪೂರ್ವದ ಮಟೂರಾ ತೀರದಲ್ಲಿ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡುವುದನ್ನು ನೋಡಲು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಅನುಮತಿ ಪತ್ರ ಕಡ್ಡಾಯ. ರಾತ್ರಿ ಅಲ್ಲಿ ಟಾರ್ಚ್ ಬೆಳಗಿಸುವುದಾಗಲಿ, ಫ್ಲ್ಯಾಶ್ ಹಾಕಿ ಚಿತ್ರ ತೆಗೆಯುವುದಾಗಲಿ ಕೂಡದು.

ಇಂತಿ ವಂದನೆಗಳೊಂದಿಗೆ,
ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ